ಘಟ್ಟ ಹತ್ತುವ ಆಲ್ಟೊಗೆ ಚಿಪ್ ಬೇಕೆ?

ಐದು ಜನ, ಮೇಲೆ ಮದುವೆಮನೆಗೆ ಒಯ್ಯುವ ಸಾಮಾನು. ಹುಲಿಕಲ್ ಘಾಟಿಯ ತಿರುವಿನಲ್ಲಿ ಆಲ್ಟೊ 800 ಎರಡನೇ ಗೇರಿನಲ್ಲಿ ಏದುಸಿರು ಬಿಡತೊಡಗಿತೆಂದರೆ ಒಳಗಿದ್ದವರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಪಿಕಪ್ಪೇ ಇಲ್ಲ ಮಾರಾಯ, ಒಂದು ಚಿಪ್ ಹಾಕ್ಸು." ಸಾಗರ, ಹೊಸನಗರ, ತೀರ್ಥಹಳ್ಳಿಯವರು ಕರಾವಳಿಗೆ ಹೋಗಿಬರಬೇಕಾದರೆ ಯಾವುದಾದರೊಂದು ಘಾಟಿ ಇಳಿದು ಹತ್ತಲೇಬೇಕು. ಹಾಗಾಗಿ ಈ ಸಲಹೆಗೆ ನಮ್ಮಲ್ಲಿ ಗಿರಾಕಿಗಳಿದ್ದಾರೆ.

ಹಳೆಯ ಮಾರುತಿ 800ರ ಕಾರ್ಬುರೇಟರನ್ನು ಮೆಕ್ಯಾನಿಕ್ ಒಂದು ಸ್ಕ್ರೂಡ್ರೈವರ್ ಹಿಡಿದು ಹದಕ್ಕೆ ತರುತ್ತಿದ್ದ. ಈಗ ಆ ಕೆಲಸ ಇಸಿಯು ಎಂಬ ಪುಟ್ಟ ಕಂಪ್ಯೂಟರಿನದು. ಎಷ್ಟು ಗಾಳಿ ಬಂತು, ಅದರ ಉಷ್ಣತೆ ಎಷ್ಟು, ಆಕ್ಸಿಲರೇಟರ್ ಎಷ್ಟು ಒತ್ತಿದ್ದಾರೆ, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನೆಲ್ಲ ಸೆನ್ಸರುಗಳಿಂದ ತಿಳಿದು, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣಕ್ಕೆ ಕಿಡಿ ಹೊತ್ತಿಸಬೇಕು ಎಂದು ಅದು ನಿರ್ಧರಿಸುತ್ತದೆ. ಈ ಲೆಕ್ಕದ ಕೋಷ್ಟಕಕ್ಕೆ ಮ್ಯಾಪ್ ಎನ್ನುತ್ತಾರೆ. ಮೊದಲು ಮ್ಯಾಪ್ ಬದಲಿಸಲು ಚಿಪ್ಪನ್ನೇ ಕಿತ್ತು ಬೇರೆಯದು ಕೂರಿಸಬೇಕಿತ್ತು. ಈಗ ಲ್ಯಾಪ್‌ಟಾಪ್ ಚುಚ್ಚಿ ಕಡತ ಬದಲಿಸಿದರಾಯಿತು.

ಆಲ್ಟೊದಂಥ ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ತೊಡಕಿರುವುದು ಗಾಳಿಯದು. ಅದರ ಇಂಜಿನ್ 796 ಸಿಸಿ. ಎರಡು ಸುತ್ತಿಗೊಮ್ಮೆ ಹೆಚ್ಚೆಂದರೆ ಅಷ್ಟೇ ಗಾಳಿ ಎಳೆದುಕೊಳ್ಳಬಲ್ಲದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಗ್ರಾಂಗೂ ಹೆಚ್ಚು ಗಾಳಿ ಬೇಕು. ಚಿಪ್ ಪೆಟ್ರೋಲ್ ಹೆಚ್ಚಿಸಬಲ್ಲದೇ ಹೊರತು ಗಾಳಿ ತರಲಾರದು. ಬಚ್ಚಲ ಹಂಡೆಯ ಒಲೆಗೆ ಗಾಳಿ ಆಡದಂತೆ ಕಟ್ಟಿಗೆ ತುರುಕಿದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ.

ಉಳಿದದ್ದು ಕಿಡಿಯ ಸಮಯ. ಅದನ್ನು ಒಂದೆರಡು ಡಿಗ್ರಿ ಮುಂಚೆ ತಂದರೆ ನೂರಕ್ಕೆ ಐದರಷ್ಟು ಶಕ್ತಿ ಹೆಚ್ಚಬಹುದು. 48 ಅಶ್ವಶಕ್ತಿಯ ಇಂಜಿನ್ನಿಗೆ ಅದು ಎರಡೋ ಎರಡೂವರೆಯೋ. ಆದರೆ ಕಿಡಿ ಮುಂದಾದಷ್ಟೂ ನಾಕಿಂಗ್ ಭಯ: ಮಿಶ್ರಣದ ಕೊನೆಯ ಪಾಲು ತಾನಾಗಿಯೇ ಸಿಡಿದು ಪಿಸ್ಟನ್ ಮೇಲೆ ಟಕಟಕ ಬಡಿಯುತ್ತದೆ. ಬಂಕಿನ ಮಾಮೂಲಿ ಪೆಟ್ರೋಲ್ ಇದನ್ನು ತಡೆದುಕೊಳ್ಳುವುದಕ್ಕೂ ಒಂದು ಮಿತಿಯಿದೆ. ಭಾರ ಹೊತ್ತು, ಪೆಡಲ್ ಪೂರ್ತಿ ಒತ್ತಿ, ನಿಧಾನ ಹತ್ತುವಾಗಲೇ ಈ ಬಡಿತ ಜಾಸ್ತಿ. ಅಂದರೆ ಚಿಪ್ ಬೇಕೆನಿಸುವ ಜಾಗದಲ್ಲೇ ಅದರ ಅಪಾಯವೂ ಹೆಚ್ಚು.

ಎತ್ತರವೂ ತನ್ನ ಪಾಲು ಕೇಳುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ; ಅಲ್ಲಿಯ ಗಾಳಿ ಮಲ್ಪೆಯ ಗಾಳಿಗಿಂತ ನೂರಕ್ಕೆ ಆರರಷ್ಟು ತೆಳು. ಮಳೆಗಾಲದಲ್ಲಿ ಗಾಳಿಯ ನೂರರಲ್ಲಿ ಸುಮಾರು ಮೂರು ಪಾಲು ಜಾಗವನ್ನು ನೀರಾವಿಯೇ ಹಿಡಿದಿರುತ್ತದೆ. ಚಿಪ್ ಕೊಟ್ಟದ್ದು ಘಟ್ಟದ ತುದಿ ಮುಟ್ಟುವಷ್ಟರಲ್ಲಿ ಖರ್ಚು.

ಹಾಗಾದರೆ ಕಾರಿಗೆ ಶಕ್ತಿಯೇ ಇಲ್ಲವೆ? ಲೆಕ್ಕ ಹಾಕೋಣ. ಜನ, ಸಾಮಾನು ಸೇರಿ 1,100 ಕೆ.ಜಿ. ಭಾರವನ್ನು ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಯ್ಯಲು, ಟೈರಿನ ಘರ್ಷಣೆಯೂ ಸೇರಿ, ಹತ್ತು ಅಶ್ವಶಕ್ತಿ ಸಾಕು. ಕಾರಿನಲ್ಲಿರುವುದು 48. ಆದರೆ ಆ 48 ಸಿಗುವುದು ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದಾಗ. ಗರಿಷ್ಠ ಟಾರ್ಕ್ 3,500ರಲ್ಲಿ. ತಿರುವಿನಲ್ಲಿ 15ಕ್ಕೆ ಇಳಿದ ಕಾರು ಎರಡನೇ ಗೇರಿನಲ್ಲೇ ಇದ್ದರೆ ಇಂಜಿನ್ 1,200–1,300 ಸುತ್ತಿನಲ್ಲಿ ತೆವಳುತ್ತಿರುತ್ತದೆ. ಒಂದನೇ ಗೇರಿಗೆ ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಒಂದೂಮುಕ್ಕಾಲು ಪಟ್ಟಿಗೂ ಮಿಗಿಲು. ಯಾವ ಚಿಪ್ಪೂ ಇಷ್ಟು ಕೊಡದು. ಒಂದನೇ ಗೇರ್ ಹಾಕುವುದು ಮರ್ಯಾದೆಗೆ ಕಡಿಮೆ ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ.

ಟರ್ಬೊ ಡೀಸೆಲಿನ ಮಾತು ಬೇರೆ. ಸ್ವಿಫ್ಟ್‌ಗೂ ಇಂಡಿಕಾ ವಿಸ್ತಾಗೂ ಬಂದಿದ್ದ ಫಿಯೆಟ್‌ನ 1.3 ಲೀಟರ್ ಇಂಜಿನ್ ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುತ್ತಿದೆ. ಇಲ್ಲಿ ಗಾಳಿಯನ್ನು ಟರ್ಬೊ ಒತ್ತಿ ತುಂಬುತ್ತದೆ, ಆದ್ದರಿಂದ ಚಿಪ್ಪಿಗೆ ಆಡಲು ಜಾಗವಿದೆ. ಟ್ಯೂನಿಂಗ್ ಬಾಕ್ಸ್ ಮಾಡುವುದು ಒಂದು ಸಣ್ಣ ಸುಳ್ಳು: ಡೀಸೆಲ್ ಪೈಪಿನ ಒತ್ತಡ ಕಡಿಮೆಯಿದೆಯೆಂದು ಇಸಿಯುಗೆ ಹೇಳುತ್ತದೆ, ಅದು ನಂಬಿ ಒತ್ತಡ ಏರಿಸುತ್ತದೆ. ಬೆಂಗಳೂರು, ಕೊಯಮತ್ತೂರಿನಲ್ಲಿ ಮ್ಯಾಪನ್ನೇ ಸರಿಯಾಗಿ ಬರೆದುಕೊಡುವವರಿದ್ದಾರೆ. 75 ಅಶ್ವಶಕ್ತಿಯನ್ನು 90ರ ಸುತ್ತಮುತ್ತ ಒಯ್ಯುವುದು ಸಾಧ್ಯ, ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಆದರೆ ಅದೇ ಇಂಜಿನ್ನಿನಿಂದ 90 ಬೇಕಾದಾಗ ಕಂಪನಿಯವರು ಬರೀ ಮ್ಯಾಪ್ ಬದಲಿಸಲಿಲ್ಲ, ಟರ್ಬೊವನ್ನೇ ಬೇರೆ ಜಾತಿಯದು ಹಾಕಿದರು. ಹೆಚ್ಚಿದ ಟಾರ್ಕನ್ನು ಹೊರುವುದು ಹಳೆಯ ಕ್ಲಚ್ಚೇ, ಅದೂ ಹಾಫ್ ಕ್ಲಚ್ಚಿನಲ್ಲಿ ಘಟ್ಟ ಹತ್ತುವವರ ಕೈಯಲ್ಲಿ. ಕಂಪನಿ ವಾರಂಟಿ ಕೈಬಿಡುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಐದು ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಇದೆ.

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಕೆಲವೇ ನೂರು ರೂಪಾಯಿಯ 'ಪವರ್ ಚಿಪ್' ಬಗ್ಗೆ ಎರಡೇ ಮಾತು. ಅಂಥವನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿಣುಕುವ ದೀಪ, ಅದನ್ನು ಮಿಣುಕಿಸುವ ಸರ್ಕ್ಯೂಟ್.

ಇನ್ನು ತೋಟದಿಂದ ಡಾಂಬರು ರಸ್ತೆಗೆ ಹತ್ತುವ ಮಣ್ಣಿನ ಏರು. ಇಲ್ಲಿ ಶಕ್ತಿ ಹೆಚ್ಚಿಸಿದರೆ ಉಪದ್ರವವೇ ಹೆಚ್ಚು. ಸಣ್ಣ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಡಿಕ್ಕಿಯಲ್ಲಿ ಅಡಿಕೆ ಚೀಲವಿದ್ದರೆ ಇನ್ನಷ್ಟು. ಹಗುರಾದ ಮುಂದಿನ ಚಕ್ರಕ್ಕೆ ಇರುವ ಟಾರ್ಕೇ ಜಾಸ್ತಿಯಾಗಿ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಮ್ಮನೆ ತಿರುಗುತ್ತದೆ. ಚಿಪ್ಪಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮುಂದಿನ ಎರಡು ಟೈರು, ಬೇಸಿಗೆಯ ಕೆಂಧೂಳು ತುಂಬಿದ ಏರ್ ಫಿಲ್ಟರು ಬದಲಿಸಬಹುದು. ಒಂದು ಚೀಲವನ್ನು ಡಿಕ್ಕಿಯಿಂದ ಮುಂದಿನ ಸೀಟಿಗೆ ತರುವುದಕ್ಕೆ ಅದೂ ಬೇಡ.