ಇಂಗ್ಲಿಷ್ ವ್ಯಂಜನಗಳು: ಸ್ಥಾನ, ಪ್ರಯತ್ನ ಮತ್ತು ಕನ್ನಡದ ಕಿವಿ

ವ್ಯಂಜನಗಳನ್ನು ಅವು ಹುಟ್ಟುವ ಸ್ಥಾನ ಹಾಗೂ ಹುಟ್ಟಿಸುವ ಪ್ರಯತ್ನಗಳ ಮೇಲೆ ವಿಂಗಡಿಸುವ ಕ್ರಮ ಕನ್ನಡ ವಿದ್ಯಾರ್ಥಿಗೆ ಹೊಸದಲ್ಲ. ಕ-ವರ್ಗದಿಂದ ಪ-ವರ್ಗದವರೆಗಿನ 25 ಅಕ್ಷರಗಳ ಜೋಡಣೆಯೇ ಅಂಥದೊಂದು ವರ್ಗೀಕರಣ. 13ನೆಯ ಶತಮಾನದ ಕೇಶಿರಾಜನು ಶಬ್ದದ ಉತ್ಪತ್ತಿಯನ್ನು ಕಹಳೆಗೆ ಹೋಲಿಸಿದ್ದಾನೆ. ಇಂಗ್ಲಿಷಿನ ವ್ಯಂಜನಗಳನ್ನು ಅರಿಯಲು ಈ ತಿಳಿವಳಿಕೆ ಬಹುಮಟ್ಟಿಗೆ ಸಾಕು. ಆದರೆ ಅವನ್ನು ನಮ್ಮ ವರ್ಗಾಕ್ಷರಗಳ ಮನೆಗಳಲ್ಲೇ ಕೂರಿಸಹೊರಟಾಗ ತೊಡಕು ಮೊದಲಾಗುತ್ತದೆ.

ಶ್ವಾಸಕೋಶದಿಂದ ಹೊರಡುವ ಗಾಳಿಗೆ ತಡೆಯೊದಗುವುದು ಎಲ್ಲಿ, ಆ ತಡೆ ಎಂಥದು, ಆಗ ನಾದತಂತುಗಳು ಕಂಪಿಸುತ್ತವೆಯೇ ಎಂಬ ಮೂರು ಪ್ರಶ್ನೆಗಳಿಂದ ಯಾವ ವ್ಯಂಜನವನ್ನಾದರೂ ಗುರುತಿಸಬಹುದು. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಿ 24 ವ್ಯಂಜನಗಳಿವೆ. ಗಾಳಿಯನ್ನು ಪೂರ್ಣವಾಗಿ ತಡೆದು ಬಿಡುವ ಸ್ಪರ್ಶಗಳು ಆರು, 'ಚರ್ಚ್', 'ಜಡ್ಜ್' ಪದಗಳ ಮೊದಲಲ್ಲಿ ಬರುವ ಅನುಘರ್ಷಗಳು ಎರಡು, ಅನುನಾಸಿಕಗಳು ಮೂರು. ನಮ್ಮ ವರ್ಣಮಾಲೆಯಲ್ಲಿ ಹೆಚ್ಚುಕಡಿಮೆ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಅಲ್ಲಿ ಅರ್ಥಭೇದದ ಹೊಣೆಯಿದೆ. 'ಸಿನ್', 'ಸಿಂಗ್' ಪದಗಳನ್ನು ಬೇರ್ಪಡಿಸುವುದು ಅದೇ. 'ಸಿಂಗ್' ಎಂಬಲ್ಲಿ ಕೊನೆಯ ಗಕಾರ ಬರಹಕ್ಕೆ ಸೇರಿದ್ದೇ ಹೊರತು ಆ ಉಚ್ಚಾರಣೆಗಲ್ಲ. ಉಳಿದಂತೆ ಲ, ರ, ಯ ಮತ್ತು ತುಟಿಗಳನ್ನು ದುಂಡಾಗಿಸಿ ನುಡಿಯುವ ವ.

ಇಂಗ್ಲಿಷಿನ ಸಿರಿಯಿರುವುದು ಘರ್ಷಗಳಲ್ಲಿ, ಅವು ಒಂಬತ್ತು. ಇಲ್ಲಿ ದಾರಿ ಮುಚ್ಚುವುದಿಲ್ಲ, ಕಿರಿದಾಗುತ್ತದೆ. ಗಾಳಿ ಉಜ್ಜಿಕೊಂಡು ಹೊರಬರುತ್ತದೆ. 'ಫ್ಯಾನ್', 'ವ್ಯಾನ್' ಪದಗಳಲ್ಲಿ ಕೆಳದುಟಿ ಮೇಲುಹಲ್ಲನ್ನು ಸೋಕುತ್ತದೆ. 'ಥಿನ್', 'ದೆನ್' ಎಂಬಲ್ಲಿ ನಾಲಗೆಯ ತುದಿ ಮೇಲುಹಲ್ಲಿನ ಬಳಿ ಸಡಿಲವಾಗಿ ನಿಲ್ಲುತ್ತದೆ. ನಾವು ಅದನ್ನು ಹಲ್ಲಿಗೆ ಒತ್ತಿ ಸ್ಪರ್ಶವನ್ನಾಗಿಸಿಬಿಡುತ್ತೇವೆ. ಸಕಾರದ ಸಘೋಷ ಜೋಡಿಯೂ ನಮ್ಮಲ್ಲಿಲ್ಲ. 'ಜ಼ೂ' ಎಂಬುದು 'ಜೂ' ಆಗುವುದು ಇದರಿಂದಲೇ. ಉರ್ದುವಿನ ನೆರೆಯಲ್ಲಿ ಬೆಳೆದ ಹೈದರಾಬಾದಿನ ಕನ್ನಡಿಗರಿಗೆ ಈ ಧ್ವನಿ ಅಷ್ಟು ಕಷ್ಟವಾಗದು.

ಹೆಚ್ಚು ಕುತೂಹಲಕರವಾದುದು 'ಟಿನ್', 'ಡೆನ್' ಪದಗಳ ಮೊದಲ ಧ್ವನಿ. ಅದು ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ. ಅದರ ಸ್ಥಾನ ಮೇಲುಹಲ್ಲುಗಳ ಹಿಂದಿನ ಒಸಡಿನ ಉಬ್ಬು, ಎಂದರೆ ವರ್ತ್ಸ. ಮಲಯಾಳದಲ್ಲಿ ದಂತ್ಯ, ವರ್ತ್ಸ್ಯ, ಮೂರ್ಧನ್ಯ ಎಂಬ ಮೂರು ದ್ವಿತ್ವ ಸ್ಪರ್ಶಗಳೂ ಅರ್ಥಭೇದಕಗಳಾಗಿವೆ. ಕನ್ನಡದಲ್ಲಿ ನಡುವಿನ ಮನೆ ಖಾಲಿ. 'ಥರ್ಮಾಮೀಟರು' ದಂತ್ಯದ ಮನೆಯನ್ನು ಹಿಡಿದರೆ 'ಟೇಬಲ್ಲು', 'ಡಾಕ್ಟರು' ಮೂರ್ಧನ್ಯಕ್ಕೆ ಸರಿದವು. ಭೇದ ಉಳಿಯಿತು, ಸ್ಥಾನ ಪಲ್ಲಟವಾಯಿತು. ಇದನ್ನು ನಾಲಗೆಯ ಜಡತೆಯೆಂದು ಹಳಿಯುವುದು ಅನ್ಯಾಯ. ಇದು ಮಾತೃಭಾಷೆಯ ವ್ಯವಸ್ಥೆ ಮಾಡಿಕೊಂಡ ಏರ್ಪಾಟು. ಶಿಷ್ಟ ಉಚ್ಚಾರಣೆಯನ್ನು ಕಲಿಯಬಯಸುವವರು ಲಕಾರವನ್ನು ನುಡಿಯುವಾಗ ನಾಲಗೆಯ ತುದಿ ತಾಗುವ ಎಡೆಯನ್ನು ಗಮನಿಸಿ, ಅಲ್ಲಿಯೇ ಗಾಳಿಯನ್ನು ತಡೆದು ಬಿಟ್ಟರೆ ಸಾಕು.

ಮಹಾಪ್ರಾಣದ ಪ್ರಶ್ನೆ ಇನ್ನೂ ಸೂಕ್ಷ್ಮ. ತುಟಿಯ ಮುಂದೆ ತೆಳುಕಾಗದದ ಚೂರನ್ನು ಹಿಡಿದು ಇಂಗ್ಲಿಷರು 'ಪಿನ್' ಎಂದರೆ ಕಾಗದ ಅಲುಗುತ್ತದೆ, 'ಸ್ಪಿನ್' ಎಂದರೆ ಅಲುಗದು. ಮೊದಲನೆಯದು ಸಶ್ವಾಸ, ಎರಡನೆಯದು ಅಲ್ಲ. ಆದರೂ ಅವರ ಕಿವಿಗೆ ಎರಡೂ ಒಂದೇ, ಏಕೆಂದರೆ ಅಲ್ಲಿ ಇವು ಒಂದೇ ಧ್ವನಿಮಾದ ಸಂಧ್ವನಿಗಳು. ಅಲ್ಪಪ್ರಾಣ-ಮಹಾಪ್ರಾಣಗಳಿಗೆ ಬೇರೆಬೇರೆ ಅಕ್ಷರಗಳನ್ನಿಟ್ಟುಕೊಂಡ ನಾವಾದರೋ ಈ ಉಸಿರನ್ನು ಬಿಟ್ಟೇಬಿಟ್ಟೆವು. ಅವರ ಲಿಪಿ ಅದನ್ನು ತೋರಿಸುವುದಿಲ್ಲವಲ್ಲ! ಪದಾದಿಯಲ್ಲಿ ಇಂಗ್ಲಿಷಿನ ಬಕಾರದ ಘೋಷ ಬಹು ದುರ್ಬಲ. ಆದಕಾರಣ ಅದನ್ನು ಪಕಾರದಿಂದ ಬೇರ್ಪಡಿಸಲು ಅವರ ಕಿವಿ ಮುಖ್ಯವಾಗಿ ಆ ಉಸಿರನ್ನೇ ಅರಸುತ್ತದೆ. ಕನ್ನಡಿಗನ ಶುದ್ಧ ಅಲ್ಪಪ್ರಾಣದ 'ಪಿನ್' ಅವರಿಗೆ ಕೆಲವೊಮ್ಮೆ 'ಬಿನ್' ಎಂದು ಕೇಳಿಸುವುದು ಈ ಕಾರಣದಿಂದ.