ಸ್ಕೂಲಿನ ಹೊಟ್ಟೆನೋವು: ನಿಜವೋ, ನೆಪವೋ?

“ಡಾಕ್ಟ್ರೇ, ಇವನಿಗೆ ಏನೂ ಇಲ್ಲ ಅಂತ ನೀವೇ ಒಂದ್ಸಲ ಹೇಳ್ಬಿಡಿ. ಆಮೇಲೆ ನಾನು ನೋಡ್ಕೋತೀನಿ.”

ಸೋಮವಾರ ಬೆಳಿಗ್ಗೆ ಶಾಪಿನ ಬಾಗಿಲು ತೆಗೆದ ಕೂಡಲೇ ಒಳಗೆ ಬಂದ ತಂದೆಯೊಬ್ಬರ ಮಾತಿದು. ಪಕ್ಕದಲ್ಲಿ ಮೂರನೆಯ ತರಗತಿಯ ಹುಡುಗ, ಯೂನಿಫಾರಂನಲ್ಲೇ, ಹೊಟ್ಟೆ ಹಿಡಿದುಕೊಂಡು ನಿಂತಿದ್ದ. ಮೊಣಕಾಲಿನ ಹಿಂದೆ ಸ್ಕೇಲಿನ ಬಾಸುಂಡೆ ಎದ್ದಿತ್ತು. ಹಿಂದೆ ನಿಂತಿದ್ದ ತಾಯಿಯ ಕಣ್ಣು ಕೆಂಪಗಿತ್ತು.

ತಾಯಿ ಹೇಳಿದ್ದು ಹೀಗೆ: “ಹಾಲು ಕುಡಿಯೋವರೆಗೂ ಚೆನ್ನಾಗಿರ್ತಾನೆ. ಶೂ ಹಾಕೋ ಹೊತ್ತಿಗೆ ಹೊಟ್ಟೆ ಹಿಡ್ಕೊಂಡು ಕೂತ್ಕೋತಾನೆ. ವ್ಯಾನ್ ಹೋಗಿ ಅರ್ಧ ಗಂಟೆಗೆ ದೋಸೆ ಕೇಳ್ತಾನೆ. ಭಾನುವಾರ ಮಾತ್ರ ನೋವೇ ಇರಲ್ಲ.” ತಂದೆಯ ತೀರ್ಮಾನ ‘ನಾಟಕ’ ಎಂದು. ಮನೆಯಲ್ಲಿದ್ದ ಅಜ್ಜಿಯ ತೀರ್ಮಾನ ‘ದೃಷ್ಟಿ’ ಎಂದು. ಎರಡು ತಿಂಗಳಲ್ಲಿ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿದ್ದೂ ಆಗಿತ್ತು, ಜಂತುಹುಳದ ಮಾತ್ರೆ ಕೊಟ್ಟಿದ್ದೂ ಆಗಿತ್ತು, ಕೊನೆಗೆ ಸ್ಕೇಲೂ ಆಗಿತ್ತು. ಈಗ ನನ್ನ ಸರದಿ.

ಇಂಥ ಮಕ್ಕಳನ್ನು ನೋಡದ ವಾರವಿಲ್ಲ. 1958ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಏಪ್ಲಿ ಮತ್ತು ನೈಶ್ ಎಂಬ ವೈದ್ಯರು ಸಾವಿರ ಶಾಲಾ ಮಕ್ಕಳನ್ನು ಪರಿಶೀಲಿಸಿ, ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹೀಗೆ ಮತ್ತೆ ಮತ್ತೆ ಬರುವ ಹೊಟ್ಟೆನೋವು ಇರುವುದನ್ನು ಕಂಡರು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟಪಾಠಕ್ಕೆ ಅಡ್ಡಿಯಾಗುವಷ್ಟು ನೋವು ಬಂದಿರಬೇಕು ಎಂಬುದು ಅವರ ಅಳತೆ. ಇಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ಕರುಳಿನಲ್ಲಿ ಹುಣ್ಣಾಗಲಿ, ಗಡ್ಡೆಯಾಗಲಿ, ಸೋಂಕಾಗಲಿ ಇರುವುದಿಲ್ಲ. ಹಾಗಾದರೆ ನೋವು ಸುಳ್ಳೆ? ಅಲ್ಲ. ತಂದೆತಾಯಿಗಳು ಎಡವುವುದು ಇಲ್ಲಿಯೇ.

ನೋವು ಬರುವುದು ಹೇಗೆ?

ಪರೀಕ್ಷೆಯ ದಿನ ನಿಮಗೇ ಹೊಟ್ಟೆ ಕಲಸಿದ್ದು ನೆನಪಿದೆಯೆ? ಇಂಟರ್‌ವ್ಯೂಗೆ ಹೋಗುವ ಮೊದಲು ಎರಡೆರಡು ಸಲ ಸಂಡಾಸಿಗೆ ಓಡಿದ್ದು? ಅದು ನಾಟಕವಾಗಿರಲಿಲ್ಲ. ನಮ್ಮ ಅನ್ನನಾಳದಿಂದ ಗುದದ್ವಾರದವರೆಗಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಅವು ಮಿದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತವೆ. ಭಯವಾದಾಗ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ಕೆಲವು ಮಕ್ಕಳ ಕರುಳಿನ ನರಗಳು ಹೆಚ್ಚು ಸೂಕ್ಷ್ಮ. ಬೇರೆ ಮಗುವಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿದರೂ ಇವರಿಗೆ ಅದು ನೋವೆನಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ. ಆದರೆ ಮಗುವಿಗೆ ಆಗುವ ನೋವು ನಿಜವಾದ ನೋವೇ. ವ್ಯಾನ್ ಹೋದ ಮೇಲೆ ಅದು ನಿಲ್ಲುವುದು ಮಗು ಸುಳ್ಳು ಹೇಳಿದ್ದರಿಂದಲ್ಲ, ಭಯ ಇಳಿದದ್ದರಿಂದ.

ಶುದ್ಧ ನೆಪ ಹೇಳುವ ಮಕ್ಕಳೂ ಇಲ್ಲದಿಲ್ಲ. ಹೋಂವರ್ಕ್ ಮಾಡದ ದಿನ ಒಂದು ಸಲ ಹೊಟ್ಟೆನೋವೆಂದರೆ ಅದನ್ನು ನಕ್ಕು ಬಿಟ್ಟುಬಿಡಬಹುದು. ಆದರೆ ವಾರಗಟ್ಟಲೆ ನಡೆಯುವ ನೆಪಕ್ಕೂ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕದೆ ಮಗುವನ್ನು ಸುಳ್ಳುಬುರುಕ ಎಂದು ಕರೆದರೆ, ಮುಂದೆ ನಿಜವಾದ ಸಂಕಟ ಬಂದ ದಿನ ಅದು ನಿಮ್ಮ ಹತ್ತಿರ ಬರುವುದಿಲ್ಲ.

ನಾನು ಕಲಿತ ಪಾಠ

ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಿಂಗಳಿಗೆರಡು ಸಲ ಹೊಟ್ಟೆನೋವೆಂದು ಬರುತ್ತಿದ್ದಳು. ‘ಸ್ಕೂಲ್ ನೋವು’ ಎಂದು ಅವಳ ಚೀಟಿಯ ಮೇಲೆ ನಾನೇ ಬರೆದಿದ್ದೆ. ಒಂದು ಸಂಜೆ ಮತ್ತೆ ಬಂದಳು. ಶಾಪ್ ತುಂಬಾ ಜನ. ಚೀಟಿ ನೋಡಿ, ಹೊಟ್ಟೆ ಮುಟ್ಟದೆಯೇ ಎಂದಿನ ಔಷಧಿ ಬರೆದುಕೊಟ್ಟೆ. ಬಾಗಿಲ ಕಡೆಗೆ ಅವಳು ಬಲಕ್ಕೆ ಬಾಗಿ, ಹೆಜ್ಜೆ ಎಣಿಸುತ್ತ ಹೋದದ್ದು ಅದೃಷ್ಟವಶಾತ್ ಕಣ್ಣಿಗೆ ಬಿತ್ತು. ವಾಪಸು ಕರೆದು ಮಲಗಿಸಿ ಮುಟ್ಟಿದರೆ ಹೊಟ್ಟೆಯ ಬಲಭಾಗದ ಕೆಳಗೆ ಕೈ ಇಡಲು ಬಿಡಲಿಲ್ಲ. ಅಪೆಂಡಿಸೈಟಿಸ್. ಅದೇ ರಾತ್ರಿ ಆಪರೇಷನ್ ಆಯಿತು, ಹುಡುಗಿ ಉಳಿದಳು. ಹಳೆಯ ನೋವಿನ ಮಗುವಿಗೂ ಹೊಸ ಕಾಯಿಲೆ ಬರಬಹುದು. ಅಂದಿನಿಂದ ಹೊಟ್ಟೆ ಮುಟ್ಟದೆ ನಾನು ಯಾವ ಮಗುವನ್ನೂ ಕಳುಹಿಸಿಲ್ಲ.

ಯಾವಾಗ ತಡಮಾಡಬಾರದು?

ಮಗುವಿನ ಬೆರಳು ಎಲ್ಲಿ ತೋರಿಸುತ್ತದೆ ಎಂದು ಮೊದಲು ನೋಡಿ. ಹೊಕ್ಕಳಿನ ಸುತ್ತ ಅಂಗೈ ಆಡಿಸಿದರೆ ಸಾಮಾನ್ಯವಾಗಿ ಗಾಬರಿಯಿಲ್ಲ. ನೋವಿನ ಜಾಗ ಹೊಕ್ಕಳಿನಿಂದ ದೂರ ಹೋದಷ್ಟೂ ಕಾಯಿಲೆಯ ಸಂಶಯ ಹೆಚ್ಚು. ಈ ಸೂತ್ರ ಕೊಟ್ಟವರೂ ಏಪ್ಲಿಯವರೇ. ಆದರೆ ಅಪೆಂಡಿಸೈಟಿಸ್ ನೋವು ಕೂಡ ಹೊಕ್ಕಳಿನ ಸುತ್ತಲೇ ಆರಂಭವಾಗಿ, ಕೆಲವು ಗಂಟೆಗಳಲ್ಲಿ ಬಲಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಈ ಕೆಳಗಿನವು ಕಂಡರೆ ವೈದ್ಯರ ಬಳಿಗೆ ಹೋಗಲೇಬೇಕು:

* ನಿದ್ದೆಯಲ್ಲಿರುವ ಮಗುವನ್ನು ನೋವು ಎಬ್ಬಿಸುವುದು.
* ತೂಕ ಇಳಿಯುವುದು, ಎತ್ತರ ಬೆಳೆಯದಿರುವುದು, ಬಿಟ್ಟುಬಿಟ್ಟು ಜ್ವರ ಬರುವುದು.
* ಮಲದಲ್ಲಿ ರಕ್ತ, ಹಸಿರು ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಮಾಡುವಾಗ ಉರಿ.
* ನಡೆದರೆ, ಕುಪ್ಪಳಿಸಿದರೆ ನೋವು ಹೆಚ್ಚುವುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು.
* ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಜೊತೆಗೆ ವಾಂತಿ ಮತ್ತು ಏದುಸಿರು. ಮಕ್ಕಳ ಸಕ್ಕರೆ ಕಾಯಿಲೆ ಹೀಗೆಯೇ ಹೊಟ್ಟೆನೋವಿನ ವೇಷದಲ್ಲಿ ಬರುವುದುಂಟು.
* ಗಂಡುಮಕ್ಕಳಲ್ಲಿ ಕಿಬ್ಬೊಟ್ಟೆಯ ನೋವಿನೊಡನೆ ವೃಷಣ ಊದಿಕೊಂಡಿರುವುದು ಅಥವಾ ನೋಯುವುದು. ನಾಚಿಕೆಯಿಂದ ಹುಡುಗರು ಹೇಳುವುದಿಲ್ಲ, ನೀವೇ ಕೇಳಬೇಕು. ವೃಷಣ ತಿರುಚಿಕೊಂಡಿದ್ದರೆ ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗಬೇಕು.

ಜೋರು ನೋವಿರುವಾಗ ಹರಳೆಣ್ಣೆ ಕುಡಿಸುವುದು, ಭೇದಿಗೆ ಕೊಡುವುದು, ಹೊಕ್ಕಳು ಜಾರಿದೆ ಎಂದು ಹೊಟ್ಟೆ ತಿಕ್ಕಿಸುವುದು ಬೇಡವೇ ಬೇಡ. ಉರಿಯೂತದಿಂದ ಬಾತುಕೊಂಡ ಅಪೆಂಡಿಕ್ಸ್ ಇದರಿಂದ ಒಡೆಯಬಹುದು.

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು. ‘ಹೊಟ್ಟೆಯಲ್ಲಿ ಸಣ್ಣ ಗ್ರಂಥಿಗಳು ಕಂಡಿವೆ’ ಎಂಬ ರಿಪೋರ್ಟ್ ಹಿಡಿದು ಕ್ಷಯವೋ, ಕ್ಯಾನ್ಸರೋ ಎಂದು ಅಳುತ್ತ ಬರುವ ತಾಯಂದಿರಿದ್ದಾರೆ. ಸಣ್ಣ ಗಾತ್ರದ ದುಗ್ಧಗ್ರಂಥಿಗಳು ಆರೋಗ್ಯವಂತ ಮಕ್ಕಳಲ್ಲೂ ಸಾಮಾನ್ಯ. ರಿಪೋರ್ಟಿಗಲ್ಲ, ಮಗುವಿಗೆ ಚಿಕಿತ್ಸೆ ಬೇಕಾದದ್ದು.

ಹುಡುಗ ಹೇಳಿದ್ದೇನು?

ನಮ್ಮ ಹುಡುಗನಿಗೆ ಬರೋಣ. ತೂಕ ಸರಿಯಾಗಿತ್ತು, ಜ್ವರವಿರಲಿಲ್ಲ. ಆದರೆ ಹೊಟ್ಟೆ ಮುಟ್ಟಿದಾಗ ಎಡಗಡೆ ಕೆಳಗೆ ಉಂಡೆ ಉಂಡೆಯಾಗಿ ಗಟ್ಟಿ ಮಲ ಕೈಗೆ ಸಿಕ್ಕಿತು. “ಚಡ್ಡಿ ಕೊಳೆಯಾಗುತ್ತಾ?” ಎಂದು ತಾಯಿಯನ್ನು ಕೇಳಿದೆ. “ಹೌದು ಡಾಕ್ಟ್ರೇ, ಆಗಾಗ ಸ್ವಲ್ಪ ಸ್ವಲ್ಪ. ಭೇದಿ ಅಂದ್ಕೊಂಡಿದ್ದೆ.” ಅದು ಭೇದಿಯಲ್ಲ. ಗಟ್ಟಿ ಮಲ ತುಂಬಿ ಹಿಗ್ಗಿದ ಗುದನಾಳದ ಸಂದಿಯಿಂದ ತೆಳುವಾದದ್ದು ಸೋರುವುದು. ಬಹಳ ಕಾಲದ ಮಲಬದ್ಧತೆಯ ಗುರುತು.

ತಂದೆತಾಯಿಗಳನ್ನು ಹೊರಗೆ ಕೂರಿಸಿ ಹುಡುಗನೊಡನೆ ಕ್ರಿಕೆಟ್ ಮಾತನಾಡಿದೆ. ನಂತರ ಮೆಲ್ಲಗೆ, “ಸ್ಕೂಲಲ್ಲಿ ಟಾಯ್ಲೆಟ್ಟಿಗೆ ಹೋಗ್ತೀಯೇನಪ್ಪಾ?” ಎಂದೆ. ಬಹಳ ಹೊತ್ತು ಸುಮ್ಮನಿದ್ದ. “ಚಿಲಕ ಇಲ್ಲ ಅಂಕಲ್. ದೊಡ್ಡ ಹುಡುಗ್ರು ಬಾಗಿಲು ತಳ್ಳಿ ನಗ್ತಾರೆ.”

ವಿಷಯ ಇಷ್ಟೇ! ಬೆಳಿಗ್ಗೆ ಏಳರ ಗಡಿಬಿಡಿಯಲ್ಲಿ ಮನೆಯಲ್ಲಿ ಸಂಡಾಸಿಗೆ ಕೂರಲು ಪುರುಸೊತ್ತಿಲ್ಲ. ಶಾಲೆಯಲ್ಲಿ ಚಿಲಕವಿಲ್ಲ. ದಿನವಿಡೀ ತಡೆದು ತಡೆದು ಮಲ ಕಲ್ಲಾಗಿದೆ. ತಿಂಡಿ ತಿಂದ ಮೇಲೆ ಕರುಳು ಚಲಿಸುವುದು ಸಹಜ, ಆಗ ನೋವು. ಅದಕ್ಕೆ ಸರಿಯಾಗಿ ವ್ಯಾನ್ ಬರುವ ಹೊತ್ತು, ಭಯವೂ ಸೇರುತ್ತದೆ. ನೋವು ಹೊಟ್ಟೆಯದೋ ಮನಸ್ಸಿನದೋ ಎಂದು ಕೇಳಿದರೆ ಎರಡೂ ಹೌದು.

ಮನೆಯಲ್ಲಿ ಏನು ಮಾಡಬೇಕು?

ಮೊದಲನೆಯದಾಗಿ, ನಂಬಿ. “ನಿನಗೆ ನೋವಾಗ್ತಿದೆ ಅಂತ ಗೊತ್ತು, ಡಾಕ್ಟರು ನೋಡಿದ್ದಾರೆ, ಅಪಾಯ ಇಲ್ಲ” ಎಂದು ಹೇಳಿ. ಎರಡನೆಯದಾಗಿ, ನಂಬಿದ ಮೇಲೆ ಅದನ್ನೇ ಜಪಿಸಬೇಡಿ. ಗಂಟೆಗೊಮ್ಮೆ “ಈಗ ಹೇಗಿದೆ ಪುಟ್ಟಾ?” ಎಂದು ಕೇಳುವುದರಿಂದ ನೋವು ಬೆಳೆಯುತ್ತದೆ. 2006ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಕೆಲವು ತಾಯಿತಂದೆಯರಿಗೆ ಮಗುವಿನ ತೊಂದರೆಗೆ ಗಮನ ಕೊಡಲು, ಕೆಲವರಿಗೆ ಬೇರೆ ಮಾತಿನಲ್ಲಿ ತೊಡಗಿಸಲು ಹೇಳಿದ್ದರು. ಗಮನ ಕೊಟ್ಟ ಕಡೆ ಮಕ್ಕಳ ದೂರು ಹೆಚ್ಚು, ಮಾತಿಗೆಳೆದ ಕಡೆ ಕಡಿಮೆ.

ಅಪಾಯದ ಚಿಹ್ನೆಗಳಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಮಗು ಶಾಲೆಗೆ ಹೋಗಲಿ, ತಡವಾದರೂ ಸರಿ. ಮನೆಯಲ್ಲೇ ಉಳಿದರೆ ಟಿ.ವಿ., ಮೊಬೈಲು ಬೇಡ; ಮಲಗಿ ವಿಶ್ರಾಂತಿ ಮಾತ್ರ. ಬೆಳಿಗ್ಗೆ ಅರ್ಧ ಗಂಟೆ ಮೊದಲು ಎಬ್ಬಿಸಿ, ತಿಂಡಿಯ ನಂತರ ಐದು ಹತ್ತು ನಿಮಿಷ ಸಂಡಾಸಿಗೆ ಕೂರಿಸಿ. ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ ಇಡಿ. ಸೊಪ್ಪು, ಹಣ್ಣು, ಕಾಳು, ನೀರು ಧಾರಾಳವಾಗಿರಲಿ. ಲೀಟರುಗಟ್ಟಲೆ ಹಾಲು ಬೇಡ. ಮಲ ಮೆದುವಾಗುವ ಔಷಧಿಯನ್ನು ವೈದ್ಯರು ಹೇಳಿದಷ್ಟು ತಿಂಗಳು ಕೊಡಬೇಕು. ಒಂದು ವಾರಕ್ಕೆ ನಿಲ್ಲಿಸಿದರೆ ಕಥೆ ಮೊದಲಿಗೇ ಬರುತ್ತದೆ. ಜಂತುಹುಳದ ಮಾತ್ರೆಯನ್ನು 2015ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಶಾಲೆ, ಅಂಗನವಾಡಿಗಳಲ್ಲೇ ಕೊಡುತ್ತಾರೆ. ಪ್ರತಿ ನೋವಿಗೂ ಹುಳವೇ ಕಾರಣವಲ್ಲ.

ಕೊನೆಯದಾಗಿ, ಶಾಂತವಾಗಿ ಕೇಳಿ. ಮಲಗುವ ಹೊತ್ತು ಇದಕ್ಕೆ ಒಳ್ಳೆಯದು. ಹೊಡೆಯುವ ಮೇಷ್ಟ್ರೋ, ಅಣಕಿಸುವ ಗೆಳೆಯರೋ, ವ್ಯಾನಿನಲ್ಲಿ ಯಾರಾದರೂ ಮುಟ್ಟಬಾರದ ಕಡೆ ಮುಟ್ಟುತ್ತಾರೆಯೋ, ಮನೆಯಲ್ಲಿ ನಿಮ್ಮದೇ ಜಗಳವೋ. ಮಕ್ಕಳು ಇದನ್ನೆಲ್ಲ ಬಾಯಲ್ಲಿ ಹೇಳಲಾರದೆ ಹೊಟ್ಟೆಯಲ್ಲಿ ಹೇಳುತ್ತಾರೆ. ದೌರ್ಜನ್ಯದ ಸಂಶಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಲು ಹಿಂಜರಿಯಬೇಡಿ.

ಮೂರು ವಾರದ ನಂತರ ಆ ತಂದೆ ಮಗನೊಡನೆ ಬಂದರು. ಶಾಲೆಯವರೊಡನೆ ಮಾತಾಡಿ ಚಿಲಕ ಹಾಕಿಸಿದ್ದರು. ನೋವು ವಾರಕ್ಕೊಂದು ಸಲಕ್ಕೆ ಇಳಿದಿತ್ತು. ಹೊರಡುವಾಗ ಮಗನನ್ನು ಮುಂದೆ ಕಳುಹಿಸಿ, “ಅವತ್ತು ಹೊಡೀಬಾರದಿತ್ತು ಡಾಕ್ಟ್ರೇ” ಎಂದರು.

“ಅದನ್ನ ನನಗೆ ಹೇಳ್ಬೇಡಿ, ಅವನಿಗೆ ಹೇಳಿ” ಎಂದೆ.