ದಡ ಸೇರುವ ಮೊದಲೇ ದರ

ಬೂತಾಯಿ ಮೀನಿಗೆ ಬೆಲೆ ಇರುವುದು ಕೆಲವೇ ಗಂಟೆ. ಐಸ್, ಶೀತಲಗೃಹಗಳ ಅನುಕೂಲವಿಲ್ಲದ ತೀರದಲ್ಲಿ ಬೆಳಗಿನ ವ್ಯಾಪಾರ ಮುಗಿಯುವುದರೊಳಗೆ ಮಾರಾಟವಾಗದಿದ್ದರೆ ಅದನ್ನು ಮರಳಿ ಕಡಲಿಗೆ ಸುರಿಯಬೇಕು. ಸುದ್ದಿಯ ವೇಗಕ್ಕೂ ಜನರ ಏಳಿಗೆಗೂ ಇರುವ ನಂಟನ್ನು ಅಳೆಯಲು ಇಂಥ ಸರಕೇ ಸರಿ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಉತ್ತರ ಕೇರಳದ ಕರಾವಳಿಯಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮಾಡಿದ್ದು ಇದನ್ನೇ.

1997ರ ಜನವರಿ 14ರಂದು ವಡಗರದ ತೀರದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನೆಲ್ಲ ಎಸೆದರು. ಅದೇ ಬೆಳಿಗ್ಗೆ 15 ಕಿಲೋಮೀಟರ್ ಒಳಗಿನ ಪೇಟೆಗಳಲ್ಲಿ 27 ಖರೀದಿದಾರರು ಮೀನು ಸಿಗದೆ ನಿಂತಿದ್ದರು. ದೋಣಿಯವರ ದುಡಿಮೆಯಲ್ಲಾಗಲಿ, ಕಡಲಿನ ಕೊಡುಗೆಯಲ್ಲಾಗಲಿ ಕೊರತೆಯಿರಲಿಲ್ಲ. ಪಕ್ಕದ ತೀರದ ದರ ತಿಳಿಯಬೇಕಾದರೆ ಇಂಧನ ಸುಟ್ಟು ಅಲ್ಲಿಗೇ ಹೋಗಬೇಕಿತ್ತು. ಹೋಗುವಷ್ಟರಲ್ಲಿ ವ್ಯಾಪಾರ ಮುಗಿದಿರುತ್ತಿತ್ತು. ಹಾಗಾಗಿ ಎಲ್ಲರೂ ತಮ್ಮೂರಿನ ತೀರಕ್ಕೇ ಮರಳುತ್ತಿದ್ದರು.

ಮೊಬೈಲ್ ಜಾಲ 1997ರಲ್ಲಿ ಕೋಯಿಕ್ಕೋಡಿಗೆ, 1998ರಲ್ಲಿ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ ಬಂತು. ಗೋಪುರಗಳ ಸಂಕೇತ ದಡದಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ ಕಡಲಿನಲ್ಲಿ ಸಿಗುತ್ತಿತ್ತು. ಬಲೆ ಎಳೆದವರು ದೋಣಿಯಿಂದಲೇ ನಾಲ್ಕಾರು ಪೇಟೆಗಳಿಗೆ ಫೋನ್ ಮಾಡಿ, ದರ ಕೇಳಿ, ಆಮೇಲೆ ದಿಕ್ಕು ನಿರ್ಧರಿಸತೊಡಗಿದರು. ಸುಮಾರು ಮೂರರಲ್ಲಿ ಒಂದು ದೋಣಿ ಬೇರೆ ಊರಿನ ತೀರ ಹಿಡಿಯಿತು. ಜಾಲ ಬಂದಲ್ಲೆಲ್ಲ ತೀರದಿಂದ ತೀರಕ್ಕಿದ್ದ ದರದ ಏರುಪೇರು ತಗ್ಗಿತು. ಇನ್ನೂ ಬಾರದಲ್ಲಿ ಹಾಗೆಯೇ ಉಳಿಯಿತು. ಹೀಗಾಗಿ ಬದಲಾವಣೆಯ ಕಾರಣದ ಬಗ್ಗೆ ಹೆಚ್ಚಿನ ಅನುಮಾನಕ್ಕೆ ಎಡೆಯಿರಲಿಲ್ಲ. ಹಿಡಿದದ್ದರಲ್ಲಿ ಶೇ 5ರಿಂದ 8ರಷ್ಟು ಮೀನು ಮೊದಲು ವ್ಯರ್ಥವಾಗುತ್ತಿತ್ತು. ಅದು ಬಹುತೇಕ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು.

ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೇ ಲಾಭವಾದದ್ದು ಇಲ್ಲಿನ ನಿಜವಾದ ವಿಶೇಷ. ಒಂದೇ ಒಂದು ಮೀನನ್ನೂ ಹೆಚ್ಚಾಗಿ ಹಿಡಿಯಬೇಕಾಗಲಿಲ್ಲ. ಚೆಲ್ಲಿಹೋಗುತ್ತಿದ್ದ ಮೀನೇ ಊಟದ ತಟ್ಟೆಗೆ ಬಂತು. ಫೋನ್ ಕೊಳ್ಳಲಾಗದ ದೋಣಿಗಳಿಗೂ, ತುಸು ಕಡಿಮೆಯಾದರೂ, ಪ್ರಯೋಜನ ದೊರೆಯಿತು. ಏಕೆಂದರೆ ಉಳಿದವರು ಬೇರೆಡೆ ಹೋದಾಗ ಊರಿನ ತೀರದಲ್ಲಿ ನೂಕುನುಗ್ಗಲು ತಗ್ಗುತ್ತಿತ್ತು.

ಆದರೆ ದಲ್ಲಾಳಿಯಿಂದ ಮುಂಗಡ ಪಡೆದು, ಹಿಡಿದ ಮೀನನ್ನೆಲ್ಲ ಅವನಿಗೇ ಕೊಡಬೇಕಾದ ಮೀನುಗಾರನಿಗೆ ಬೇರೆ ಪೇಟೆಯ ದರ ಗೊತ್ತಾದರೂ ಅಲ್ಲಿಗೆ ಹೋಗುವಂತಿಲ್ಲ. ಅವನಿಗೆ ಫೋನಿಗಿಂತ ಮೊದಲು ಬೇಕಾದದ್ದು ನ್ಯಾಯವಾದ ಬಡ್ಡಿಯ ಸಾಲ.